ತವಾಂಗ್ ಮತ್ತು ಒಬ್ಬ ಪ್ರೇಮಕವಿ

ಅರುಣಾಚಲದ ತವಾಂಗ್‌ಗೆ ಹೋಗಿಬಂದವರು ಬರೆದದ್ದನ್ನು ಓದಿದರೆ ಸೇಲಾ ಪಾಸ್‌ನ ಹಿಮ, ಬೌದ್ಧ ಮಠದ ಮೌನ ಸಾಮಾನ್ಯವಾಗಿ ಸಿಗುತ್ತವೆ. ಕವಿ ಸಿಗುವುದು ಅಪರೂಪ. 1680-81ರಲ್ಲಿ ಮೇರಾ ಲಾಮಾ ಲೋದ್ರೆ ಗ್ಯಾತ್ಸೊ ಕಟ್ಟಿಸಿದ, ಸುಮಾರು ಹತ್ತು ಸಾವಿರ ಅಡಿ ಎತ್ತರದ ಆ ಮಠ ಕೋಟೆಯಂತೆ ಭವ್ಯವಾಗಿದೆ, ನಿಜ. ಆದರೆ ಆರನೆಯ ದಲೈ ಲಾಮಾ ತ್ಸಾಂಗ್ಯಾಂಗ್ ಗ್ಯಾತ್ಸೊ 1683ರಲ್ಲಿ ಹುಟ್ಟಿದ್ದು ಅಲ್ಲಿಗೆ ಹತ್ತಿರದ, ತೀರಾ ಪುಟ್ಟದಾದ ಉರ್ಗೆಲಿಂಗ್‌ನಲ್ಲಿ. ದೀಕ್ಷೆಯನ್ನೇ ಗುರುವಿಗೆ ಹಿಂದಿರುಗಿಸಿದವನು, 1706ರಲ್ಲಿ ಪದಚ್ಯುತನಾದವನು ಈತ.

ಅವನ ಹೆಸರಿನ ಪ್ರೇಮಪದ್ಯಗಳಲ್ಲಿ ಹೆಚ್ಚಿನವು ನಾಲ್ಕೇ ಸಾಲಿನವು, ಸಾಲಿಗೆ ಆರು ಅಕ್ಷರ. ಜನರ ಬಾಯಲ್ಲಿ ಬೆಳೆದ ಹಾಡುಗಳಾದ್ದರಿಂದ ಯಾವುದು ಅವನದು, ಯಾವುದು ಆಮೇಲೆ ಸೇರಿದ್ದು ಎಂದು ಬಿಡಿಸುವುದು ಕಷ್ಟ. (ನನಗಂತೂ ಅದರಿಂದ ಅವುಗಳ ಬೆಲೆ ಕಡಿಮೆಯಾಗಿಲ್ಲ.) ಲಾಮಾ ಬರೆದದ್ದಾದ್ದರಿಂದ ಪ್ರೇಯಸಿಯೆಂದರೆ ಗೂಢಸಾಧನೆಯ ಸಂಕೇತವೆಂದು ಅರ್ಥ ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಈ ಪದ್ಯಗಳಲ್ಲಿ ಧ್ಯಾನವೂ ಮೋಹವೂ ಎದುರುಬದುರು ನಿಂತು ಜಗಳವಾಡುತ್ತವೆ, ಯಾವುದೂ ಸೋಲುವುದಿಲ್ಲ. ಅವಳನ್ನು ಸಂಕೇತ ಮಾಡಿದ ಕೂಡಲೇ ಜಗಳ ಮುಗಿದು, ಪದ್ಯ ಪ್ರವಚನವಾಗುತ್ತದೆ. ಮಠದಲ್ಲಿ ಬರೀ ಶಾಂತಿಯನ್ನೇ ಕಂಡು ಬರುವ ಪ್ರವಾಸಕಥನ ಮಾಡುವುದೂ ಇದನ್ನೇ: ಆ ಊರಿನ ಹುಡುಗನಿಗೆ ಅದೇ ಶಾಂತಿ ಏಕೆ ಸಾಲಲಿಲ್ಲ ಎಂದು ಅದು ಕೇಳುವುದಿಲ್ಲ.