ಕ್ಲೈವ್ ಬೆಲ್ ಬರೆಯದೆ ಬಿಟ್ಟ ಅಧ್ಯಾಯ

ಚಿತ್ರ ನೋಡುವವನು ಬದುಕಿನಿಂದ ಏನನ್ನೂ ಹೊತ್ತು ತರಬೇಕಿಲ್ಲ, ಗೆರೆ ಬಣ್ಣಗಳ ಸಂಬಂಧ ಕಂಡರೆ ಸಾಕು ಎಂದು 1914ರ ‘ಆರ್ಟ್’ ಪುಸ್ತಕದಲ್ಲಿ ವಾದಿಸಿದವನು ಕ್ಲೈವ್ ಬೆಲ್. ಸೌಂದರ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಆತ ಇವತ್ತಿಗೂ ‘ಸಿಗ್ನಿಫಿಕೆಂಟ್ ಫಾರ್ಮ್’ ಎಂಬ ಎರಡು ಪದಗಳಷ್ಟೇ. ನನಗೂ ಹಾಗೇ ಇದ್ದ, 1956ರಲ್ಲಿ ಪ್ರಕಟವಾದ ಅವನ ನೆನಪುಗಳ ಪುಸ್ತಕ ‘ಓಲ್ಡ್ ಫ್ರೆಂಡ್ಸ್’ ಓದುವವರೆಗೆ.

ಇಲ್ಲಿ ಇರುವುದೆಲ್ಲ ಬದುಕೇ. ಚಿತ್ರಕಾರ ಸಿಕರ್ಟ್, ರೋಜರ್ ಫ್ರೈ, ಲಿಟನ್ ಸ್ಟ್ರೇಚಿ, ಅರ್ಥಶಾಸ್ತ್ರಜ್ಞ ಕೇನ್ಸ್, ವರ್ಜೀನಿಯಾ ವೂಲ್ಫ್, ಎಲಿಯಟ್ – ಒಬ್ಬೊಬ್ಬರೂ ತಮ್ಮ ಹಟ, ಹರಟೆಗಳೊಂದಿಗೆ ಬಂದು ಕೂರುತ್ತಾರೆ. ನನಗೆ ಮರೆಯಲಾಗದ್ದು ಗಾರ್ಸಿಂಗ್ಟನ್ ಪ್ರಸಂಗ. 1917ರಲ್ಲಿ ಹೊರಬಂದ ಎಲಿಯಟ್‌ನ ಮೊದಲ ಸಂಕಲನದ ಪ್ರತಿಗಳನ್ನು ಬೆಲ್ ಆಟೊಲಿನ್ ಮೊರೆಲ್ಲಳ ಮನೆಗೆ ಒಯ್ದು ಹಂಚುತ್ತಾನೆ. ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅಲ್ಲಿ ನೆರೆದವರಿಗೆ ಪ್ರುಫ್ರಾಕ್ ಪದ್ಯವನ್ನು ಗಟ್ಟಿಯಾಗಿ ಓದುತ್ತಾಳೆ. ಹೊಸ ಕಾವ್ಯ ಹರಡಿದ್ದು ಹೀಗೆ, ಗೆಳೆಯರ ಕೈಯಿಂದ ಕೈಗೆ. ಸಿದ್ಧಾಂತಿಗಿಂತ ಈ ಪುಸ್ತಕ ಹೊತ್ತ ಬೆಲ್ ನನಗೆ ಹೆಚ್ಚು ಇಷ್ಟ.

ಆದರೆ ಪರಿವಿಡಿಯಲ್ಲಿ ಒಂದು ಹೆಸರು ಇಲ್ಲ. ವೆನೆಸ್ಸಾ ಬೆಲ್: ವರ್ಜೀನಿಯಾಳ ಅಕ್ಕ, 1907ರಲ್ಲಿ ಈತನನ್ನು ಮದುವೆಯಾದವಳು, ಆ ಬಳಗದ ಮುಖ್ಯ ಚಿತ್ರಕಾರ್ತಿ. 1912ರಲ್ಲಿ ಲಂಡನ್ನಿನ ಎರಡನೇ ಪೋಸ್ಟ್-ಇಂಪ್ರೆಷನಿಸ್ಟ್ ಪ್ರದರ್ಶನಕ್ಕೆ ಇಂಗ್ಲಿಷ್ ವಿಭಾಗದ ಚಿತ್ರಗಳನ್ನು ಆರಿಸಿದವನು ಬೆಲ್. ಅವುಗಳಲ್ಲಿ ಅವಳವೂ ಇದ್ದವು. ತಂಗಿಗೆ ಒಂದು ಅಧ್ಯಾಯ ಉಂಟು, ಅಕ್ಕನಿಗಿಲ್ಲ.

ಬದುಕಿದ್ದವರ ಬಗ್ಗೆ ಬರೆಯಲು ಸಂಕೋಚ ಎನ್ನೋಣವೇ? ಎಲಿಯಟ್ ಕೂಡ ಆಗ ಬದುಕಿದ್ದ. ಕಾರಣ ಮನೆಯೊಳಗಿನದು ಎಂದು ಊಹಿಸಬಹುದು. ದಾಂಪತ್ಯ ಎಂದೋ ಹೆಸರಿಗಷ್ಟೇ ಉಳಿದಿತ್ತು. ವೆನೆಸ್ಸಾಳ ಸಂಗಾತಿ ಚಿತ್ರಕಾರ ಡಂಕನ್ ಗ್ರಾಂಟ್. ಬೆಲ್ ಹೆಸರು ಹೊತ್ತು ಬೆಳೆದ ಆಂಜೆಲಿಕಾ ಗ್ರಾಂಟ್‌ನ ಮಗಳು, ಅದನ್ನು ಅವಳೇ 1984ರ ತನ್ನ ಆತ್ಮಕಥನದಲ್ಲಿ ಬರೆದಳು. ಆ ಮೌನವನ್ನು ನಾನು ದೂರುವುದಿಲ್ಲ. ಮನೆಯ ಮಾತು ಮನೆಯಲ್ಲೇ ಇರಲಿ.

ನನ್ನ ತಕರಾರು ಬೇರೆ. ಬದುಕನ್ನು ಹೊರಗಿಟ್ಟು ಚಿತ್ರದ ಬಗ್ಗೆ ಮಾತನಾಡುವ ದಾರಿ ಹೇಳಿಕೊಟ್ಟವನೇ ಇವನು. ಗಂಡ, ಗೆಳೆಯ, ಮಗಳು ಯಾರನ್ನೂ ತರದೆ ವೆನೆಸ್ಸಾಳ ಕ್ಯಾನ್ವಾಸುಗಳ ಬಗ್ಗೆಯೇ ಹತ್ತು ಪುಟ ಬರೆಯಬಹುದಿತ್ತು. 1939ರಿಂದ ಆತ ವಾಸವಿದ್ದ ಚಾರ್ಲ್‌ಸ್ಟನ್ ಮನೆಯ ಗೋಡೆ, ಬಾಗಿಲುಗಳಿಗೂ ಬಣ್ಣ ಬಳಿದವರು ಅವಳು ಮತ್ತು ಗ್ರಾಂಟ್. ತಲೆಯೆತ್ತಿದರೆ ಅವಳ ಕೆಲಸವೇ ಕಾಣುವ ಮನೆಯದು.