ಗೋಡೆಯ ಮೇಲೆ ನೋಂದಣಿ ಪತ್ರ, ಅಂಗಡಿಯಲ್ಲಿ ಯಾರು?

ಬೆಂಗಳೂರಿನ ಪೂರ್ವಕ್ಕಿರುವ ಗರುಡಾಚಾರ್‌ಪಾಳ್ಯದಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ಔಷಧಿ ಅಂಗಡಿಗೆ ಹೋದಾಗ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಎರಡು ಪತ್ರಗಳಿರಬೇಕು. ಒಂದು, ಔಷಧ ನಿಯಂತ್ರಣ ಇಲಾಖೆ ಅಂಗಡಿಗೆ ಕೊಟ್ಟ ಪರವಾನಗಿ. ಇನ್ನೊಂದು, ರಾಜ್ಯ ಫಾರ್ಮಸಿ ಪರಿಷತ್ತು ಫಾರ್ಮಸಿಸ್ಟರಿಗೆ ಕೊಟ್ಟ ನೋಂದಣಿ ಪತ್ರ. ಅವರು ಬಿಳಿ ಕೋಟು ತೊಟ್ಟು, ಹೆಸರು ಮತ್ತು ನೋಂದಣಿ ಸಂಖ್ಯೆಯಿರುವ ಬಿಲ್ಲೆ ಧರಿಸಿರಬೇಕೆಂದು 2015ರ ನಿಯಮಾವಳಿ ಹೇಳುತ್ತದೆ. ಗೋಡೆಯ ಮೇಲಿನ ಹೆಸರಿನವರು ಅಂಗಡಿಯಲ್ಲಿದ್ದಾರೆಯೇ?

ಇದೇಕೆ ಮುಖ್ಯ? ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಸೇವಿಸಬೇಕು. ದಿನವೂ ನುಂಗಿದರೆ ಮೂಳೆಮಜ್ಜೆಯಲ್ಲಿ ರಕ್ತಕಣಗಳ ಉತ್ಪಾದನೆ ಕುಗ್ಗಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಚೀಟಿಯಲ್ಲಿ 'ದಿನಕ್ಕೊಂದು' ಎಂದು ತಪ್ಪಾಗಿ ಬರೆದಿದ್ದರೆ ಅದನ್ನು ಹಿಡಿಯಬಲ್ಲವರು ಫಾರ್ಮಸಿಸ್ಟರು. ಮಾತ್ರೆಯ ಹೆಸರನ್ನಷ್ಟೇ ಓದಬಲ್ಲ ಸಹಾಯಕನಿಗೆ ಅದು ಹೊಳೆಯದು.

1948ರ ಫಾರ್ಮಸಿ ಕಾಯಿದೆಯ 42ನೇ ಕಲಮಿನಂತೆ, ನೋಂದಾಯಿತರಲ್ಲದವರು ಚೀಟಿಯ ಮೇಲೆ ಔಷಧ ವಿತರಿಸುವಂತಿಲ್ಲ. ಡಿಪ್ಲೊಮಾ ಪಡೆದವರಿಗೆ ನೋಂದಣಿಗೆ ಮುನ್ನ ಇನ್ನೊಂದು ಪರೀಕ್ಷೆಯನ್ನು 2022ರ ನಿಯಮಗಳು ವಿಧಿಸಿದವು. ಮೊದಲ ಪರೀಕ್ಷೆ 2024ರ ಅಕ್ಟೋಬರಿನಲ್ಲಿ ನಡೆಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ಅನಂತರ? ಐದು ವರ್ಷಗಳಲ್ಲಿ ಒಂದೊಂದು ದಿನದ ಎರಡು ಪುನರ್ಮನನ ತರಗತಿಗಳು ಸಾಕು. ಹೊಸ ಔಷಧಗಳು ಬರುವ ವೇಗಕ್ಕೆ ಇದು ಏನೇನೂ ಸಾಲದು.

ವ್ಯಕ್ತಿಯ ಪೂರ್ವಾಪರದ ಮಾತೂ ಹೀಗೆಯೇ. ಅಪರಾಧ ಸಾಬೀತಾದವರ ಹೆಸರನ್ನು ಪಟ್ಟಿಯಿಂದ ತೆಗೆಯಲು 36ನೇ ಕಲಮಿನಲ್ಲಿ ಅವಕಾಶವಿದೆ. ಅದು ನೋಂದಣಿಯ ನಂತರದ ಮಾತು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಪರವಾನಗಿಗೆ ಮೊದಲೇ ಬೆರಳಚ್ಚು ಪಡೆದು ಅಪರಾಧ ದಾಖಲೆ ಪರಿಶೀಲಿಸುತ್ತಾರೆ. ನಮ್ಮಲ್ಲೂ ಅದು ಬೇಕು. ಆದರೆ ಯೋಗ್ಯ ವ್ಯಕ್ತಿಯೇ ತನ್ನ ಪತ್ರವನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕುಳಿತರೆ ಯಾವ ಬೆರಳಚ್ಚೂ ರೋಗಿಯನ್ನು ಕಾಯದು. ನಕಲಿ ಫಾರ್ಮಸಿಸ್ಟರನ್ನು ತಡೆಯುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿ ಪರಿಷತ್ತಿನ ಕರ್ತವ್ಯವೆಂದು, ಬಿಹಾರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2022ರ ನವೆಂಬರಿನಲ್ಲಿ ಹೇಳಿದೆ.

ಆದ್ದರಿಂದ ತಪಾಸಣೆ ಪತ್ರವನ್ನಷ್ಟೇ ಅಲ್ಲ, ಹಾಜರಿಯನ್ನೂ ನೋಡಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಚೀಟಿಯ ಮೇಲೆ ಕೊಟ್ಟ ಔಷಧದ ದಾಖಲೆಗೆ ಫಾರ್ಮಸಿಸ್ಟರ ಸಹಿ ಇರಬೇಕೆಂದು 1945ರ ಔಷಧ ನಿಯಮಾವಳಿಯ 65ನೇ ನಿಯಮವೇ ಹೇಳುತ್ತದೆ. ಉಪಾಧ್ಯಾಯರೇ, ಈ ನಿಯಮವನ್ನು ವಿದ್ಯಾರ್ಥಿಗಳಿಗೆ ತಿಳಿಸಿ. ವಿದ್ಯಾರ್ಥಿಗಳೇ, ಮುಂದಿನ ಸಲ ಮನೆಯವರಿಗೆ ಔಷಧ ತರುವಾಗ ರಸೀದಿಯ ಮೇಲಿನ ಸಹಿ ಯಾರದೆಂದು ಕೇಳಿ. ಹಾಗೆ ಕೇಳುವುದು ನಿಮ್ಮ ಹಕ್ಕು.