ಎರಡನೆಯ ಕ್ಯಾಮೆರಾ: ನರಗುಂದದ ಬಿಸಿಲು, ಸೂಡಿಯ ಕತ್ತಲೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಸ್ಮಾರಕಗಳನ್ನು ಫಿಲ್ಮ್ ರೀಲಿನಲ್ಲಿ ಸೆರೆಹಿಡಿಯಲು ಹೊರಡುವವರು, ಮುಖ್ಯ ಕ್ಯಾಮೆರಾ ಕೈಕೊಟ್ಟರೆ ಇರಲೆಂದು ಒಯ್ಯುವ ಎರಡನೆಯದನ್ನು ಹೆಚ್ಚಾಗಿ ಹಗುರತನ ನೋಡಿಯೇ ಆರಿಸುತ್ತಾರೆ. ಈ ಅಳತೆ ಸಾಲದು. ಮೊದಲನೆಯದು ಯಾವ ಕಾರಣಕ್ಕೆ ನಿಂತೀತೋ ಅದೇ ಕಾರಣಕ್ಕೆ ಎರಡನೆಯದೂ ನಿಲ್ಲುವುದಾದರೆ ಅದನ್ನು ಹೊತ್ತು ತಿರುಗುವುದು ವ್ಯರ್ಥ. ಶಟರ್, ಅಂದರೆ ಬೆಳಕನ್ನು ಗೊತ್ತುಪಡಿಸಿದ ಹೊತ್ತಿನಷ್ಟೇ ಒಳಬಿಡುವ ತೆರೆ, ಸೆಲ್ಲಿನ ಬಲದಿಂದ ನಡೆಯುವಂಥದ್ದಾದರೆ ಸೆಲ್ ಮುಗಿದೊಡನೆ ಕ್ಯಾಮೆರಾ ಸುಮ್ಮನಾಗುತ್ತದೆ.

ಸೆಲ್ ಬೇಡದವುಗಳಲ್ಲಿ ಹೆಸರಾದದ್ದು 1967ರಿಂದ 1984ರವರೆಗೆ ತಯಾರಾದ ಒಲಿಂಪಸ್ ಟ್ರಿಪ್ 35. ಬೆಳಕು ಬಿದ್ದಾಗ ತಾನೇ ವಿದ್ಯುತ್ತು ಹುಟ್ಟಿಸುವ ಸೆಲೆನಿಯಂ ಧಾತುವಿನಿಂದ ಬೆಳಕನ್ನು ಅಳೆಯುವ ಈ ಕ್ಯಾಮೆರಾ ನರಗುಂದದ ಗುಡ್ಡದ ಕೋಟೆಯ ಬಯಲು ಬಿಸಿಲಿನಲ್ಲಿ ನಂಬಿಕೆಗೆ ಅರ್ಹವಾದರೂ, ಸೂಡಿಯ ಜೋಡು ಕಳಸದ ಗುಡಿಯೊಳಗೆ ಹೆಜ್ಜೆಯಿಟ್ಟೊಡನೆ ನೋಟಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಗುಂಡಿ ಬಿಗಿದುಕೊಳ್ಳುತ್ತದೆ. ಬೆಳಕಿನ ದ್ವಾರವನ್ನು ಕೈಯಿಂದ ಹೊಂದಿಸಿ ಈ ತಡೆಯನ್ನು ದಾಟಬಹುದಾದರೂ ಆಗ ಶಟರ್ ಸೆಕೆಂಡಿನ 1/40 ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರುವುದಿಲ್ಲ, ಚಾಲುಕ್ಯ ಶಿಲ್ಪಿಗಳು ತಿರುಗಣೆಯಲ್ಲಿ ಕಡೆದ ಕಂಬಗಳ ನುಣುಪು ಆ ಅಲ್ಪ ಬೆಳಕಿನಲ್ಲಿ ಮೂಡದು. ಈ ಸೀಮೆಯ ಸಂಪತ್ತಿನ ಬಹುಪಾಲು ನೆರಳಿನಲ್ಲೇ ಇರುವುದರಿಂದ ಇದು ಸಣ್ಣ ಕೊರತೆಯಲ್ಲ.

1966ರಲ್ಲಿ ಬಂದ ರೋಲೈ 35 ಅಂಗೈಯಷ್ಟೇ ಇದ್ದರೂ ಅದರ ಶಟರ್ ಪೂರ್ತಿ ಯಾಂತ್ರಿಕವಾದುದರಿಂದ, ಗುಂಡಿ ಒತ್ತಿದಷ್ಟು ಹೊತ್ತೂ ತೆರೆದಿರುವ ‘ಬಿ’ ಗುರುತಿಗಿಟ್ಟು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದರೆ ಗರ್ಭಗುಡಿಯ ಕತ್ತಲೆಯನ್ನೂ ಹಿಡಿಯುತ್ತದೆ. ದೂರವನ್ನು ಕಣ್ಣಂದಾಜಿನಲ್ಲೇ ಗೊತ್ತುಮಾಡಬೇಕಾಗಿರುವುದರಿಂದ ಹತ್ತಿರದ ಕೆತ್ತನೆಗಳು ಮಸುಕಾಗುವ ಅಪಾಯ ಮಾತ್ರ ಉಳಿಯುತ್ತದೆ.

ಮುಖ್ಯ ಕ್ಯಾಮೆರಾ ನಿಕಾನ್ ಆಗಿದ್ದರೆ 1982ರ ಎಫ್‌ಎಂ2 ಇವೆರಡಕ್ಕಿಂತ ಮೇಲು: ಸೆಲ್ ಇಲ್ಲದೆಯೂ ಒಂದು ಸೆಕೆಂಡಿನಿಂದ 1/4000ರವರೆಗೆ ನಡೆಯುತ್ತದೆ, ಹೊಂದುವ ಹಳೆಯ ಲೆನ್ಸುಗಳನ್ನೇ ತೊಡುತ್ತದೆ. ಸುಮಾರು 540 ಗ್ರಾಂ ತೂಕ ಕಾಲಕಾಲೇಶ್ವರ ಗುಡಿಯ ಮೆಟ್ಟಿಲುಗಳಲ್ಲಿ ಹೆಗಲಿಗೆ ತಿಳಿಯುವುದು ನಿಜ, ಆದರೆ ಆ ಭಾರ ಹೊರಲು ತಕ್ಕದ್ದು. ಲೆನ್ಸು ಒಂದೇ ಇದ್ದು ಅದು ಕೆಟ್ಟರೆ ಎರಡೂ ಕುರುಡಾಗುವುದರಿಂದ ಇನ್ನೊಂದು ಲೆನ್ಸೂ ಜೊತೆಗಿರಬೇಕು. ಯಾವುದನ್ನೇ ಕೊಂಡರೂ ಅದರಲ್ಲಿ ಒಂದು ರೀಲನ್ನು ಮನೆಯಲ್ಲೇ ಓಡಿಸಿ, ತೊಳೆಸಿ ನೋಡಿದ ಮೇಲೆಯೇ ಗಜೇಂದ್ರಗಡದ ಬಸ್ಸು ಹತ್ತಬೇಕು.